ಬಾಗಿಲ ಕಡೆಯ ಕಿವಿ

ನಮ್ಮ ಮೇಷ್ಟ್ರ ಬಲಗಿವಿ ಬಾಡಿದ ವೀಳ್ಯದೆಲೆಯ ಹಾಗೆ ಮುದುಡಿಕೊಂಡಿತ್ತು. ಚಿಕ್ಕಂದಿನಲ್ಲಿ ಹುಣ್ಣಾಗಿ ಆ ಕಿವಿ ಕೇಳಿಸದಂತಾಗಿತ್ತಂತೆ. ಯಾವ ಊರಿನ ಸಭೆಗೆ ಹೋದರೂ ಆ ಕಿವಿಯನ್ನು ಊರ ಯಜಮಾನರ ಕಡೆ ಮಾಡಿ, ಕೇಳುವ ಕಿವಿಯನ್ನು ಬಾಗಿಲ ಕಡೆ ಇಟ್ಟುಕೊಂಡು ಕೂರುತ್ತಿದ್ದರು. "ಮುಂದೆ ಕೂತೋರು ಹೆಂಗೂ ಕೂಗಿ ಹೇಳ್ತಾರೆ ಕಣಪ್ಪ. ಬಾಗ್ಲತ್ರ ನಿಂತೋರು ಗೊಣಗ್ತಾರಲ್ಲ, ಅದು ಕೇಳಿಸ್ಬೇಕು," ಎನ್ನುವರು.

ಐವತ್ತರ ದಶಕದ ಕೊನೆಯಲ್ಲಿ, ಹಿಂದೂಪುರದಲ್ಲಿ, ಗ್ರಾಮಸೇವಕರಾಗಲಿದ್ದ ನಮಗೆ ಅವರು ತರಬೇತಿ ಕೊಡುತ್ತಿದ್ದರು. ಬೀಜ, ಗೊಬ್ಬರ ಕಲಿಸುವವರು ಬೇರೆ ಇದ್ದರು. ಒಬ್ಬರ ಮುಖ ಒಬ್ಬರು ನೋಡದ ಜನರನ್ನು ಒಂದು ಕೆಲಸಕ್ಕೆ ಕೂಡಿಸುವುದು ಹೇಗೆ ಎನ್ನುವುದು ಇವರ ಪಾಠ. ಅದರಲ್ಲಿ ಒಂದೇ ಕಟ್ಟುನಿಟ್ಟು: ಸಭೆಯಲ್ಲಿ ಹೂಂ ಅಂದವರ ಮನೆಗೆ ಮಾರನೆಯ ದಿನ ಒಬ್ಬನೇ ಹೋಗಿ ಮತ್ತೆ ಕೇಳಬೇಕು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅವರಿಗೆ 'ಮಾರನೇ ದಿನದ ಮೇಷ್ಟ್ರು' ಎಂದು ಹೆಸರಿಟ್ಟ ಜಾಣ ನಾನೇ.

ನನ್ನನ್ನು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಗೆ ಹಾಕಿದರು. ಅಲ್ಲಿ ಎಲ್ಲರೂ ಮೆಟ್ಟಿಲಬಾವಿಗೆ ಇಳಿದು ನೀರು ತುಂಬುತ್ತಿದ್ದರು. ಮುಂದಿನ ಮೆಟ್ಟಿಲು ಊರವರದು, ಹಿಂದಿನದು ಕೇರಿಯವರದು. ಆ ನೀರಿನಿಂದ ಮನೆಮನೆಯಲ್ಲೂ ಕಾಲಿನಿಂದ ದಾರದಂಥ ಹುಳು ಹೊರಡುವ ನಾರುಹುಣ್ಣು. ಆ ಬಾವಿಯನ್ನು ಮುಚ್ಚಿ, ಊರೊಳಗೆ ಸೇದುವ ಬಾವಿ ತೋಡಿಸೋಣವೆಂದು ಸಭೆ ಸೇರಿಸಿದೆ. ಕೇರಿಯವರು ದೂರದ ಹುಣಸೆಮರದಡಿ ನಿಂತಿದ್ದರು. ಅವರಲ್ಲಿ ಒಬ್ಬ ಹೆಂಗಸು ಏನೋ ಹೇಳಲು ಬಾಯಿ ತೆರೆದಳು, ಯಾರೋ ಗದರಿದರು. "ಅಂದರೂ ಒಪ್ಪುಕುನ್ನಾರು, ಇಂಕೇಮಿ ಸಾರ್?" ಎಂದರು ಯಜಮಾನರು. ಎಲ್ಲರೂ ಒಪ್ಪಿದ ಮೇಲೆ ಇನ್ನೇನು ಎಂದು ನಾನೂ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಾರನೆಯ ದಿನ ಬ್ಲಾಕ್ ಆಫೀಸಿನ ಜೀಪು ಸಿಕ್ಕಿತು, ಹತ್ತಿ ಹೋದೆ.

ಹೊಸ ಬಾವಿಯ ಹಗ್ಗ ಮುಟ್ಟಲು ಕೇರಿಯವರನ್ನು ಬಿಡಲಿಲ್ಲ. ಹಳೆಯದನ್ನು ನಾನೇ ನಿಂತು ಮುಚ್ಚಿಸಿದ್ದೆ. ಅವರು ಹಳ್ಳದ ಗುಂಡಿಯ ನೀರು ಕುಡಿದರು. ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಆ ಹೆಂಗಸಿನ ಎರಡು ಮಕ್ಕಳೂ ಒಂದೇ ದಿನ ಹೋದವು.

ಸುದ್ದಿ ತಿಳಿದು ಮೇಷ್ಟ್ರು ಬಂದರು. ಅವಳ ಗುಡಿಸಲ ಮುಂದೆ ನೆಲದ ಮೇಲೆ ಕೂತು, ಎಡಗಿವಿಯನ್ನು ಅವಳ ಕಡೆ ಬಾಗಿಸಿ, ಮಧ್ಯಾಹ್ನದವರೆಗೂ ಕೇಳಿದರು. ಎದ್ದು ಬಂದು ನನಗೆ, "ಹಗ್ಗ ಮುಟ್ಟಕ್ಕೆ ಬಿಡಾಕಿಲ್ಲ ಅಂತ ಅವತ್ತೇ ಹೇಳಾಕೆ ಬಂದಿದ್ಲಂತೆ. ನಿಂಗೆ ಎಲ್ಡು ಕಿವೀನೂ ನೆಟ್ಟಗವೆ ಅಲ್ವೇನಪ್ಪ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಂಟು ದಿನ ಅಲ್ಲೇ ಉಳಿದು, ಮನೆಮನೆ ಅಲೆದು, ಕೇರಿಗೊಂದು ಬಾವಿಗೆ ಊರನ್ನು ಒಪ್ಪಿಸಿದರು. ನಾನು ಮುಖ ತೋರಿಸಲಾಗದೆ ರೊದ್ದಂ ಕಡೆಗೆ ವರ್ಗ ಮಾಡಿಸಿಕೊಂಡೆ.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ಹಾಸಿಗೆ ಹಿಡಿದರೆಂದು ಹಿಂದೂಪುರಕ್ಕೆ ನೋಡಲು ಹೋದೆ. ನನ್ನ ಗುರುತು ಹತ್ತಿದ ಕೂಡಲೇ, "ಆ ಹೆಣ್ಮಗಳು ಹೆಂಗವ್ಳೆ?" ಎಂದು ಕೇಳಿದರು.

ನಾನು ಒಮ್ಮೆಯೂ ಆ ಕಡೆ ತಿರುಗಿ ಹೋಗಿರಲಿಲ್ಲ. "ಚೆನ್ನಾಗವ್ಳೆ ಸಾರ್," ಎಂದೆ.

ಮೇಷ್ಟ್ರು ದಿಂಬಿನ ಮೇಲೆ ಮೆಲ್ಲಗೆ ತಲೆ ಹೊರಳಿಸಿ, ಮುದುಡಿದ ಕಿವಿಯನ್ನು ನನ್ನ ಕಡೆ ಮಾಡಿದರು. ಮೂರನೆಯ ದಿನ ತೀರಿಕೊಂಡರು.

ಮಣ್ಣು ಮಾಡಿ ಬಂದವನು ಸೀದಾ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅವಳ ಗುಡಿಸಲ ಬಾಗಿಲಿಗೆ ಮುಳ್ಳುಕಂಪೆ ಅಡ್ಡ ಇಟ್ಟಿದ್ದರು. ಎಲ್ಲಿಗೆ ಹೋದಳೆಂದು ಕೇರಿಯಲ್ಲಿ ಮನೆಮನೆಗೂ ಹೋಗಿ ಕೇಳಿದೆ. ಯಾರೂ ನನಗೆ ಹೇಳಲಿಲ್ಲ.