ಒಣಗಿದ ತಟ್ಟೆ

ನಮ್ಮ ಕಾಲೇಜು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ಹುಡುಗರ ಮುಖ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದಳು. ಉಂಡ ಮೇಲೆ ನಮ್ಮ ನಮ್ಮ ನಂಬರಿನ ತಟ್ಟೆ ತೊಳೆದು ಸ್ಟ್ಯಾಂಡಿನಲ್ಲಿ ಇಡಬೇಕಿತ್ತು. ಅವಳು ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತಿದ್ದಳು. ಒಣಗಿದ್ದರೆ ಆ ಹುಡುಗ ಉಂಡಿಲ್ಲ.

"ಯಾಕ್ಲಾ, ತಟ್ಟೆ ಒಣಗೈತೆ?"

"ಹೊರಗೆ ಬಿರಿಯಾನಿ ಹೊಡ್ದೆ ಕಣಕ್ಕಾ."

"ನನ್ ಸಾರು ಸೇರಲ್ವೇನ್ಲಾ, ಬಡ್ಡೆತ್ತದೆ!"

ಮೊದಲ ವರ್ಷವೇ ನಾನು ಫೇಲಾದೆ. ಎರಡು ದಿನ ಊಟಕ್ಕೆ ಇಳಿಯಲಿಲ್ಲ. ಮೂರನೆಯ ದಿನ ಅವಳೇ ಮುದ್ದೆ ಹಿಡಿದು ಮೇಲೆ ಬಂದು ಬಾಗಿಲು ಬಡಿದಳು. ತೆಗೆದೆ.

"ಯಾಕ್ಲಾ, ತಟ್ಟೆ ಒಣಗೈತೆ?"

ನಾನು ವಾಪಸ್ ಹೋಗಿ ಮಂಚದ ಮೇಲೆ ಕೂತೆ.

"ಸಾಯ್ಬೇಕು ಅನ್ನಿಸ್ತೈತಾ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೂಂ ಅಂದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಹೊಸ್ತಿಲಲ್ಲೇ ಕೂತು ವಾರ್ಡನ್‌ಗೆ ಫೋನ್ ಮಾಡಿದಳು. ಕೆಳಗಿನಿಂದ ಸಾರು ತಳ ಹತ್ತಿದ ವಾಸನೆ ಬಂತು. ಕಾಲೇಜಿನ ಕೌನ್ಸೆಲರ್ ಬರುವವರೆಗೂ ಅವಳು ಏಳಲಿಲ್ಲ.

ಆಮೇಲೆ ನಾನು ಕಾಲೇಜು ಬಿಟ್ಟೆ. ಈಗ ನೆಲಮಂಗಲದ ಗೋಡೌನಿನಲ್ಲಿ ಲೋಡಿಂಗ್ ಕೆಲಸ. ರೂಮಿನಲ್ಲಿ ಒಬ್ಬನೇ. ಉಂಡು ತೊಳೆದ ತಟ್ಟೆಯನ್ನು ಹೊರಗಿನವರಿಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಡುತ್ತೇನೆ. ಮುಟ್ಟಿ ನೋಡುವವರು ಯಾರೂ ಇಲ್ಲ. ಆದರೂ ಇಡುತ್ತೇನೆ.