ಅತ್ತೆಗೆ ಇಲ್ಲದ ಮುನಿಸು

ನಮ್ಮ ಮನೆಯ ಗಂಡಸರು ಯಾವ ಸಮಸ್ಯೆಯನ್ನಾದರೂ ಬಗೆಹರಿಸಬಲ್ಲರು. ಸಮಸ್ಯೆ ಏನೆಂದು ಕೇಳುವುದೊಂದು ಅವರಿಂದಾಗದು.

ಅಪ್ಪನ ಅಕ್ಕ, ಸಂತೆಮರಹಳ್ಳಿಯ ನಮ್ಮತ್ತೆ, ಮದುವೆಗಳಿಗೆ ಬರುವುದನ್ನು ನಿಲ್ಲಿಸಿದಾಗ ಹೀಗೇ ಆಯಿತು. ನಮ್ಮ ಕಡೆ ಬೀಗರೂಟದಲ್ಲಿ ಬೀಗರನ್ನು ಆಡಿಕೊಂಡು ಹಾಡಲು ಒಬ್ಬ ಹೆಂಗಸು ಬೇಕೇ ಬೇಕು. ಅತ್ತೆ ಅದರಲ್ಲಿ ಎತ್ತಿದ ಕೈ. ಬೀಗರ ಮೀಸೆ, ಹೊಟ್ಟೆ ಯಾವುದನ್ನೂ ಬಿಡದೆ ಪದ ಕಟ್ಟಿ, ಎಲ್ಲರಿಗಿಂತ ಮೊದಲು ತಾವೇ ನಗುತ್ತಿದ್ದರು. ಅಂಥವರು ಗುಂಡ್ಲುಪೇಟೆಯ ಛತ್ರದಲ್ಲಿ ನನ್ನಕ್ಕನ ಮದುವೆ ಗೊತ್ತಾದಾಗಲೂ "ನಾ ಬರಕಿಲ್ಲ" ಎಂದುಬಿಟ್ಟರು. ಅಕ್ಕ ಅತ್ತಳು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅದೇ ಅತ್ತೆ.

ಗಂಡಸರು ಕೂತು ತೀರ್ಪು ಕೊಟ್ಟರು: ಮುನಿಸು. ಯಾವುದೋ ಮದುವೆಯಲ್ಲಿ ತಾಂಬೂಲ ಕೊಡುವಾಗ ಇವರನ್ನು ಮರೆತಿರಬೇಕು.

"ಮುನಿಸು ಅನ್ನೋದಕ್ಕೆ ಆಧಾರ?" ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಅಂಟಿಸಿದ ಚಟ ಅದು.

"ಬರ್ದೆ ಇರದೇ ಆಧಾರ ಕಣಮ್ಮಿ," ಎಂದರು ಚಿಕ್ಕಪ್ಪ.

ಹೀಗೆ ರೇಷ್ಮೆ ಸೀರೆ, ತಟ್ಟೆ ತುಂಬ ಹಣ್ಣು ಹಿಡಿದ ಹಿರಿಯರ ನಿಯೋಗವೊಂದು ಚಾಮರಾಜನಗರದಿಂದ ಹೊರಟಿತು. ಹಿಂದೆ ಅಮ್ಮ, ನಾನು. ಹಿರಿಯರು ಅತ್ತೆಯ ಜಗಲಿಯಲ್ಲಿ ಕೂತು, ಯಾರೂ ಮಾಡದ ಅವಮಾನಕ್ಕೆ ಗಂಭೀರವಾಗಿ ಕ್ಷಮೆ ಕೇಳಿದರು. ಅತ್ತೆ ತಟ್ಟೆ ತೆಗೆದುಕೊಂಡು, "ಬರಕಿಲ್ಲ" ಎಂದು ಒಳಗೆ ಹೋದರು. ನಾವಿಬ್ಬರೂ ಅಡುಗೆಮನೆಗೆ ನುಗ್ಗಿದೆವು.

"ಯಾಕತ್ತೆ?"

"ಸುಮ್ಕಿರಮ್ಮಿ."

"ಕಾರಣ ಹೇಳಿ. ಸರಿಯಾಗಿದ್ರೆ ನಾನೇ ನಿಮ್ಮ ಪರ ವಾದ ಮಾಡ್ತೀನಿ."

ಅತ್ತೆ ಒಲೆಯ ಕಡೆ ತಿರುಗಿದರು. "ನಕ್ರೆ ಉಚ್ಚೆ ನಿಲ್ಲಕಿಲ್ಲ ಕಣ. ಓದ್ಸಲ ಪದ ಆಡ್ತಾ ಆಡ್ತಾನೇ ಸೀರೆ ಒದ್ದೆ ಆಗೋಯ್ತು, ಅಷ್ಟ್ ಜನದ್ ಮುಂದೆ. ನೀರು ಚೆಲ್ಕಂಡೆ ಅಂದೆ. ಇನ್ನೊಂದ್ಸಲ ಯಾರ್ ನಂಬಾರು?"

"ಅಯ್ಯೋ, ನಂಗೆ ಸೀನಿದ್ರೂ ಅಂಗೇ ಆಯ್ತದೆ," ಎಂದರು ಅಮ್ಮ, ಮಳೆ ಬಂತು ಎನ್ನುವ ಧಾಟಿಯಲ್ಲಿ.

ಅಲ್ಲೇ ಮೂಲೆಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆಯ ಸೊಸೆ ತಲೆ ಎತ್ತಲಿಲ್ಲ. "ಎರಿಗೆ ಆದಾಗಿಂದ ನಂಗೂ. ಬಿಂದ್ಗೆ ಎತ್ತಂಗಿಲ್ಲ."

"ನಿಂಗೂವಾ? ಒಂದ್ ಮಾತ್ ಬಾಯಿ ಬುಡ್ನಿಲ್ವಲ್ಲೇ!" ಎಂದರು ಅತ್ತೆ.

"ನೀವ್ ಬುಟ್ರಾ?"

ಒಂದೇ ಹಗ್ಗದ ಮೇಲೆ ಲಂಗ ಒಣಹಾಕುವ ಇಬ್ಬರು, ಲೋಕದಲ್ಲಿ ತನಗೊಬ್ಬಳಿಗೇ ಹೀಗೆ ಎಂದುಕೊಂಡು ಬದುಕಿದ್ದರು. ಹೆರಿಗೆ, ಹೊರೆ, ಕೆಮ್ಮು, ಮುಟ್ಟು ನಿಲ್ಲುವ ವಯಸ್ಸು: ಕಾರಣಗಳೆಲ್ಲ ಮನೆತುಂಬ ಓಡಾಡುತ್ತಿದ್ದರೂ ಪರಿಣಾಮವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಜಗಲಿಯಲ್ಲಿ ಆ ಹೊತ್ತಿಗೆ ಕಾಫಿಗೆ ಕೂಗು ಎದ್ದಿತ್ತು.

ಚಾಮರಾಜನಗರದ ಡಾಕ್ಟರಮ್ಮನ ಹತ್ತಿರ ಮೂವರನ್ನೂ ಕರೆದೊಯ್ದೆ. ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಗುಣ ಕಾಣಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಪ್ಯಾಡ್ ಇಟ್ಟುಕೊಳ್ಳಿ ಎಂದರು. ಮದುವೆ ಅಷ್ಟು ಕಾಯುವಂತಿರಲಿಲ್ಲ. ಅತ್ತೆ ಕೊನೆಯವರೆಗೂ ಮಾತು ಕೊಡಲಿಲ್ಲ.

ಆದರೆ ಬಂದರು. ಬೀಗರೂಟದಲ್ಲಿ ಬಚ್ಚಲಿಗೆ ಹತ್ತಿರದ ಸಾಲು ಹಿಡಿದು ಕೂತರು. ಸೊಸೆ ಕೆಣಕಿದ ಮೇಲೆ ಗಂಡಿನ ಅಪ್ಪನ ಹೊಟ್ಟೆಯ ಮೇಲೆ ಪದ ಎತ್ತಿದರು. ಛತ್ರ ನಗುತ್ತಿದ್ದಂತೆ ತಟ್ಟನೆ ನಿಲ್ಲಿಸಿ ಎದ್ದರು. ವಿಷಯ ಗೊತ್ತಿದ್ದ ಅಕ್ಕನ ಮುಖ ಬಿಳಿಚಿತು.

"ತಡೀರಿ ಬೀಗ್ರೇ, ನಗ್ಸಿ ನಗ್ಸಿ ನಂಗೇ ಒಂದಕ್ಕೆ ಬಂದದೆ. ಓಗ್ಬತ್ತೀನಿ, ಒಟ್ಟೆ ಒಳಕ್ ಎಳ್ಕಬ್ಯಾಡಿ!"

ನಗು ಇನ್ನೂ ಹೆಚ್ಚಾಯಿತು. ಆ ಗದ್ದಲದಲ್ಲೇ ಗಂಡಿನ ಕಡೆಯ ಇಬ್ಬರು ಹೆಂಗಸರು ಎಲೆ ಬಿಟ್ಟೆದ್ದು, ಸೆರಗು ಸರಿಮಾಡಿಕೊಳ್ಳುತ್ತ ಅತ್ತೆಯ ಹಿಂದೆಯೇ ನಡೆದರು.