ತಿಪ್ಪೆ ನೋಡಿ ಕೊಟ್ಟ ಹೆಣ್ಣು

ಹೊಂಬಾಳಮ್ಮನನ್ನು ಹೊಗಳುವವರು ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ. ಹೊಗಳಲಿ, ಬೇಡ ಅನ್ನಲು ನಾನ್ಯಾರು? ಅವಳ ಕೈಯಲ್ಲಿ ಉಂಡವಳು, ಅವಳ ಜೊತೆ ಒಂದೇ ಒಲೆ ಊದಿದವಳು ನಾನು. ಅವಳ ಗಂಡ ಜವರಯ್ಯನ ತಮ್ಮ ಹೊನ್ನಯ್ಯನೇ ನನ್ನ ಗಂಡ. ವಾರಗಿತ್ತಿಯಾದರೂ ಅವಳನ್ನು ಅಕ್ಕ ಎಂದೇ ಕರೆದೆ. ಅವಳ ಮೇಲಿನ ಸಿಟ್ಟು ಮಾತ್ರ ನನಗಿನ್ನೂ ಇಳಿದಿಲ್ಲ.

ನಾವಿಬ್ಬರೂ ಮಳವಳ್ಳಿ ಕಡೆಯ ಒಣಭೂಮಿಯವರು. ಕನ್ನಂಬಾಡಿ ನಾಲೆಯ ನೀರು ಮಂಡ್ಯದ ಕಡೆ ಹರಿದ ಮೇಲೆ ನಮ್ಮೂರುಗಳ ಹೆತ್ತವರಿಗೆಲ್ಲ ಒಂದು ಹುಚ್ಚು ಹಿಡಿಯಿತು. ಮಗಳನ್ನು ನಾಲೆ ಸೀಮೆಗೆ ಕೊಟ್ಟುಬಿಟ್ಟರೆ ಸಾಕು, ಜನ್ಮ ಪಾವನ. ಹಸಿರು ಗದ್ದೆ ಕಂಡರೆ ಅದು ಯಾರದೆಂದು ಕೇಳುವಷ್ಟೂ ತಾಳ್ಮೆಯಿಲ್ಲ ಅವರಿಗೆ. ಈ ಹುಚ್ಚಿನಲ್ಲೇ ಹೊಟ್ಟೆ ಹೊರೆದವನು ಚೌಡಯ್ಯ. ಸಂಬಂಧ ಕೂಡಿಸುವುದು ಅವನ ಕಸುಬು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವ ದಿನ ಯಾರದೋ ಎತ್ತು ತಂದು ಕಟ್ಟಿಸುವನು, ಪಕ್ಕದ ಮನೆಯ ಹುಲ್ಲಿನ ಮೆದೆಯನ್ನು ಇವರದೆಂದು ತೋರಿಸುವನು. ಎರಡೂ ಕಡೆ ಉಂಡು, ಎರಡೂ ಕಡೆ ಪಂಚೆ ಹೊದೆಸಿಕೊಂಡು, ಮದುವೆ ಮುಗಿದ ಮೇಲೆ ಆ ಬೀದಿಗೆ ತಲೆ ಹಾಕುತ್ತಿರಲಿಲ್ಲ.

ಮೂವತ್ತೇಳನೇ ಇಸವಿಯಲ್ಲಿ ಅಕ್ಕನ ಅಪ್ಪ ಕೊತ್ತತ್ತಿ ಮಗ್ಗುಲಿನ ಈ ಊರಿಗೆ ಬಂದು ಮೋಸಹೋದದ್ದು ಹೀಗೆಯೇ. ಕೊಟ್ಟಿಗೆಯಲ್ಲಿ ಕಿವಿ ಸೀಳಿದ ಬಿಳಿ ಎತ್ತಿನ ಜೋಡಿ, ಒಳಗೆ ಬಾಯಿತನಕ ರಾಗಿ ತುಂಬಿದ ಮಣ್ಣಿನ ವಾಡೆ. ಮದುವೆಯಾಗಿ ಬಂದ ಹೊಸದರಲ್ಲೇ ಅಕ್ಕ ಹಿಟ್ಟು ಬೀಸಲೆಂದು ಆ ವಾಡೆಗೆ ಕೈ ಹಾಕಿದಳು. ಮೇಲೊಂದು ಗೇಣು ರಾಗಿ, ಕೆಳಗೆಲ್ಲ ಹೊಟ್ಟು. ಎತ್ತುಗಳು ಅಷ್ಟರಲ್ಲಿ ಒಡೆಯ ಕೆಂಪಸಿದ್ದಯ್ಯನ ಕೊಟ್ಟಿಗೆಗೆ ವಾಪಸಾಗಿದ್ದವು. ಈ ಮನೆಗೆ ಇದ್ದದ್ದು ನಾಲೆ ನೀರು ಹತ್ತದ ಒಂದು ತುಂಡು ದಿಣ್ಣೆ, ತಾಯಿಯಿಲ್ಲದ ಪುಟ್ಟ ಮೈದುನ. ಅಕ್ಕ ಅಳಲಿಲ್ಲವಂತೆ. ಅಳುವುದಕ್ಕೂ ಹೊಟ್ಟೆಗೆ ಏನಾದರೂ ಬಿದ್ದಿರಬೇಕಲ್ಲ.

ಅವಳ ಹೆಸರು ಹರಡಿದ್ದು ಗೆಜ್ಜಲಗೆರೆ ಕಡೆಯ ಒಂದು ಮನೆಯಿಂದ. ಚಿಕ್ಕಪ್ಪನ ಮಗಳಿಗೆ ಗಂಡಿನ ಮನೆ ನೋಡಲು ಹೋದವಳು ಕೊಟ್ಟಿಗೆಯ ಮುಂದೆ ನಿಂತುಬಿಟ್ಟಳು. ಅದೇ ಜೋಡಿ, ಅದೇ ಸೀಳಿದ ಕಿವಿ.

“ಇದು ನಮ್ಮೂರ ಕೆಂಪಸಿದ್ದಯ್ನೋರ ಎತ್ತಲ್ವಾ? ಇಲ್ಗ್ಯಾಕ್ ಬಂತು, ನೆಂಟಸ್ತನಕ್ಕಾ?” ಎಂದು ಎಲ್ಲರೆದುರಿಗೇ ಕೇಳಿದಳಂತೆ. ಚೌಡಯ್ಯ ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡಿದ.

ಅಲ್ಲಿಂದಾಚೆಗೆ ಮಳವಳ್ಳಿ, ಮದ್ದೂರು ಕಡೆಯವರು ಮನೆ ನೋಡಲು ಹೊರಟರೆ ಹೊಂಬಾಳಮ್ಮ ಜೊತೆಗಿರಬೇಕು. ವಯಸ್ಸು ಚಿಕ್ಕದಾದರೂ ಅವಳ ಮಾತೆಂದರೆ ಮಾತು. ವಾಡೆಗೆ ಮೊಣಕೈತನಕ ಕೈ ಇಳಿಸುವಳು. ಆ ಮನೆಯ ಹೆಂಗಸರ ಕೈಯಲ್ಲೇ ಎತ್ತಿಗೆ ಹುಲ್ಲು ಹಾಕಿಸಿ, ಅದು ಬೆದರುವುದೋ ಇಲ್ಲವೋ ನೋಡುವಳು. ಎಲ್ಲಕ್ಕಿಂತ ಮೊದಲು ಹಿತ್ತಲಿಗೆ ಹೋಗುವಳು. “ಎತ್ತು ಎರವಲು ಸಿಕ್ತದೆ, ಮೆದೆ ಸಿಕ್ತದೆ. ವರ್ಸದ ಸಗಣಿ ಯಾರು ಕೊಟ್ಟಾರು? ಮೊದ್ಲು ತಿಪ್ಪೆ ನೋಡ್ರಮ್ಮ,” ಎನ್ನುವಳು. ಜೋಡೆತ್ತು ಕಟ್ಟಿದ ಮನೆಯಲ್ಲಿ ತಿಪ್ಪೆ ಬರೀ ಮೊಣಕಾಲೆತ್ತರ ಇದ್ದರೆ ಅಲ್ಲಿ ಕೂರುತ್ತಲೇ ಇರಲಿಲ್ಲ.

ಊರವರ ಹೆಣ್ಣುಮಕ್ಕಳು ಬಚಾವಾದರು. ಅವಳ ಬಾಳು ಮಾತ್ರ ಒಂದಿಷ್ಟೂ ಮೇಲೇಳಲಿಲ್ಲ. ಹೆತ್ತ ಎರಡು ಕೂಸುಗಳನ್ನೂ ಚಳಿಜ್ವರ ಕೊಂಡೊಯ್ಯಿತು. ಉಳಿದವನು ಅವಳೇ ತುತ್ತಿಟ್ಟು ಬೆಳೆಸಿದ ಮೈದುನ ಹೊನ್ನಯ್ಯ. ನಲವತ್ತಾರರ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು, ಹೆಣ್ಣು ಬಂದಿರಲಿಲ್ಲ. ನೋಡಲು ಬಂದವರು ಬರಿದಾದ ಕೊಟ್ಟಿಗೆ ಕಂಡು ಹಾಗೆಯೇ ತಿರುಗಿ ಹೋಗುತ್ತಿದ್ದರು. ಆಗ ಭಾವ ಜವರಯ್ಯ ಯಾರನ್ನು ಕರೆತಂದರು ಅನ್ನುತ್ತೀರಿ? ಅದೇ ಚೌಡಯ್ಯನನ್ನು.

“ಇವನನ್ನ ಒಸ್ಲು ದಾಟುಸ್ಬ್ಯಾಡ,” ಎಂದು ಅಕ್ಕ ಅಡ್ಡ ನಿಂತಳಂತೆ.

“ಅಂಗಾರೆ ನಿನ್ ಮೈದುನ ಒಂಟಿಯಾಗೇ ಸಾಯ್ಲಾ? ನೀನೇ ಯೋಳು,” ಎಂದರು ಭಾವ.

ಚೌಡಯ್ಯ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಾ, “ನಿನ್ ಮನೇಲಿ ಯಾರೂ ವಾಡೆಗೆ ಕೈ ಆಕಾಕಿಲ್ಲ ಕಣವ್ವ. ನಿನ್ ಹೆಸ್ರೇ ಸಾಕು,” ಎಂದ. ಅಕ್ಕ ಹೊನ್ನಯ್ಯನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿಕೊಂಡು ಕೂತಿದ್ದ. ಅಷ್ಟೇ, ಅಡ್ಡ ನಿಂತವಳು ಹೊಸ್ತಿಲು ಬಿಟ್ಟು ಸರಿದಳು.

ಆಮೇಲೆ ಅವಳು ಮಾಡಿದ್ದು ಚೌಡಯ್ಯನಿಗೂ ಹೊಳೆಯದ ಕೆಲಸ. ಆ ಬೇಸಿಗೆಯೆಲ್ಲ ಸಗಣಿ ಆಯಲು ಮಂಕರಿ ಹೊತ್ತು ಊರ ದನಗಳ ಹಿಂದೆ ತಿರುಗಿದಳು. ಕೂಲಿಗೆ ಹೋದ ಮನೆಗಳಲ್ಲಿ ರಾಗಿಯ ಬದಲು ಸಗಣಿ ಬೇಡಿದಳು. ಖಾಲಿ ಹಿತ್ತಲಲ್ಲಿ ಆಳೆತ್ತರದ ತಿಪ್ಪೆ ಎದ್ದಿತು.

ನನಗೆ ಗಂಡಿನ ಮನೆ ನೋಡಲು ನನ್ನ ಅವ್ವ ಮಂಚಮ್ಮ ಬಂದವಳೇ ನೇರ ಹಿತ್ತಲಿಗೆ ಹೋದಳು. ಹೊಂಬಾಳಮ್ಮ ಕಲಿಸಿದ ಪಾಠ ನಮ್ಮೂರಲ್ಲಿ ಯಾರಿಗೆ ಗೊತ್ತಿರಲಿಲ್ಲ? ತಿಪ್ಪೆಯನ್ನು ಒಂದು ಸುತ್ತು ಹಾಕಿದಳು. ಕೊಟ್ಟಿಗೆಯಲ್ಲಿ ಎರವಲು ಎತ್ತುಗಳು ಕಿವಿ ನಿಗುರಿಸಿ ಬೀದಿ ನೋಡುತ್ತಿದ್ದವು. ಅವುಗಳನ್ನು ಅವಳು ಸರಿಯಾಗಿ ನೋಡಲೂ ಇಲ್ಲ. “ನೀನಿರೋ ಮನೆ ಕಣವ್ವ, ಇನ್ನೇನ್ ನೋಡ್ಲಿ ನಾನು,” ಎಂದು ಅಕ್ಕನ ಕೈ ಹಿಡಿದು ಅಲ್ಲೇ ಒಪ್ಪಿಕೊಂಡು ಬಂದಳು.

ಮದುವೆಯಾಗಿ ಬಂದವಳು ಎತ್ತಿಗೆ ಹುಲ್ಲು ಹಾಕಲು ಹೋದೆ. ಕೊಟ್ಟಿಗೆಯಲ್ಲಿ ಗೂಟ ಮಾತ್ರ ಇತ್ತು. ಅಕ್ಕ ಹಿಂದೆಯೇ ಬಂದು ನಿಂತಳು. ಸುಳ್ಳು ಹೇಳಲಿಲ್ಲ.

“ನಿನ್ ಗಂಡನ್ನ ಬಯ್ಬ್ಯಾಡ ಮಗ. ಮೋಸ ಮಾಡ್ದೋಳು ನಾನು.”

“ಎಲ್ಲ ಗೊತ್ತಿದ್ದೂ ಇಂಗ್ ಮಾಡ್ದಾ ಅಕ್ಕ?”

“ಗೊತ್ತಿದ್ದಕ್ಕೇ ಯಾರೂ ಕಂಡಿಡೀನಿಲ್ಲ ಕಣಮ್ಮ,” ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬರೀ ಚೌಡಯ್ಯ ಮೋಸ ಮಾಡಿದ್ದರೆ ನೆಟಿಗೆ ಮುರಿದು ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ತಾನೇ ಆ ವಾಡೆಯ ಹೊಟ್ಟಿನೊಳಗೆ ಕೈಯಿಟ್ಟ ಇವಳು ನನಗೆ ಇದನ್ನು ಮಾಡಬಹುದಿತ್ತೇ? ಹೊನ್ನಯ್ಯ ಕೆಟ್ಟವನಲ್ಲ, ಕೈಲಾಗದವನು. ಅವನ ಜೊತೆ ನಾನೂ ಕಂಡವರ ಗದ್ದೆಗೆ ಕೂಲಿಗೆ ಇಳಿದೆ. ತವರಿಗೆ ಮಾತ್ರ ಒಂದು ಮಾತೂ ತಿಳಿಸಲಿಲ್ಲ. ಎಂಥ ಮನೆಗೆ ಕೊಟ್ಟೆ ನೋಡಿ ಎಂದು ಅವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವಳಿಗೆ ಹೇಗೆ ಹೇಳಲಿ?

ಸ್ವಾತಂತ್ರ್ಯ ಬಂದ ವರ್ಷ, ದೀಪಾವಳಿ ಕಳೆದ ಮೇಲೆ, ಅವ್ವ ಹೇಳದೆ ಕೇಳದೆ ಬಂದಳು. ನನ್ನ ತಂಗಿಗೆ ಸಂಬಂಧ ಬಂದಿತ್ತು; ಗಂಡಿನ ಮನೆ ನೋಡಲು ಅಕ್ಕನನ್ನು ಕರೆದೊಯ್ಯಬೇಕಂತೆ.

“ಎತ್ತೆಲ್ಲವ್ವ?” ಎಂದಳು ಬರುತ್ತಲೇ.

“ಕಬ್ಬಿನ ಗಾಡಿಗೆ ಕಟ್ಕೊಂಡು ಮಂಡ್ಯಕ್ಕೋಗವ್ರೆ,” ಎಂದೆ. ಅವ್ವ ನಂಬಿದಳು. ಅಕ್ಕನ ಎದುರು ಕೂತು, “ನೀನ್ ಬಂದ್ರೆ ನಂಗೆ ಧೈರ್ಯ ಕಣವ್ವ,” ಎಂದಳು.

ಅಕ್ಕ ಮುದ್ದೆ ಬಡಿಸುತ್ತಿದ್ದವಳು ತಲೆಯೆತ್ತಲಿಲ್ಲ. “ನಾನ್ ಬರಾಕಿಲ್ಲ. ನಿನ್ ಮಗಳ್ನೇ ಕರ್ಕೊಂಡೋಗು. ಅವಳ್ಗೀಗ ಎಲ್ಲ ಗೊತ್ತದೆ.”

ದೊಡ್ಡ ಮನಸ್ಸಿನ ಮಾತೆಂದು ಅವ್ವ ನಕ್ಕಳು. ನಗುತ್ತಲೇ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲಿ ಏನು ಕಂಡಳೋ, ನಗು ನಿಂತಿತು. ಎದ್ದು ಕೊಟ್ಟಿಗೆಗೆ ಹೋದಳು. ಮೇವಿನ ಗೋದಲಿಯ ತಳ ಸವರಿದಾಗ ಅಂಗೈಗೆ ಹತ್ತಿದ್ದು ಬರೀ ಧೂಳು. ಒಳಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಬಡಿಸಿದ ಮುದ್ದೆ ಮುಟ್ಟದೆ ಹೊರಟುಹೋದಳು.

ತಂಗಿಯ ಗಂಡಿನ ಮನೆ ನೋಡಲು ಅವ್ವ ಒಬ್ಬಳೇ ಹೋದಳಂತೆ. ಅಕ್ಕನನ್ನು ಕರೆಯಲಿಲ್ಲ. ಕಬ್ಬಿನ ಗಾಡಿಯ ಸುಳ್ಳು ಹೇಳಿದ ನನ್ನನ್ನೂ ಕರೆಯಲಿಲ್ಲ.